ಗುಡ್ಡಕ್ಕೆ ಊರಿನ ಹೆಸರಿಟ್ಟವರು

ಟ್ಯುನಿಸಿಯಾದ ದಕ್ಷಿಣದಲ್ಲಿ ತೆಬಾಗಾ ಎಂಬ ಕಣಿವೆದಾರಿ ಇದೆ. ಎರಡೂ ಬದಿಗೆ ಬೋಳು ಗುಡ್ಡ, ಕಲ್ಲು, ದೂಳು. 1943ರ ಮಾರ್ಚ್ 26ರ ಮಧ್ಯಾಹ್ನ ಬ್ರಿಟಿಷರ ಎಂಟನೇ ಸೇನೆ ಆ ದಾರಿಯನ್ನು ಒಡೆದು ನುಗ್ಗಲು ಹೊರಟಾಗ ಪಕ್ಕದಲ್ಲಿ ಒಂದು ಗುಡ್ಡ ಅಡ್ಡ ನಿಂತಿತ್ತು. ಸೇನೆಯ ನಕ್ಷೆಯಲ್ಲಿ ಅದಕ್ಕೆ ಹೆಸರಿರಲಿಲ್ಲ. ಎತ್ತರವನ್ನೇ ಹೆಸರು ಮಾಡಿ ‘ಪಾಯಿಂಟ್ 209’ ಎಂದು ಬರೆದುಕೊಂಡಿದ್ದರು. ಅದಕ್ಕೆ ಒರಗಿಕೊಂಡಂತೆ ಮುಂದೆ ಇನ್ನೊಂದು ಚಿಕ್ಕ ದಿಬ್ಬ. ಅದಕ್ಕೆ ಅಂಕಿಯ ಹೆಸರೂ ಇಲ್ಲ. ಜರ್ಮನ್ನರ ಮೆಷಿನ್‌ಗನ್‌ಗಳಿದ್ದ ಆ ದಿಬ್ಬವನ್ನು ಹತ್ತಿದ ಹುಡುಗರು ಅದನ್ನು ‘ಹಿಕುರಂಗಿ’ ಎಂದು ಕರೆದರು.

ನಿಜವಾದ ಹಿಕುರಂಗಿ ಇರುವುದು ಭೂಮಿಯ ಇನ್ನೊಂದು ತುದಿಯಲ್ಲಿ, ನ್ಯೂಜಿಲೆಂಡ್‌ನ ಉತ್ತರ ದ್ವೀಪದ ಪೂರ್ವ ಕರಾವಳಿಯ ಬಳಿ. 1,752 ಮೀಟರ್ ಎತ್ತರದ ಆ ಪರ್ವತ ಙಾತಿ ಪೊರೌ ಎಂಬ ಮಾವೋರಿ ಕುಲದವರಿಗೆ ತಾಯ್ತಂದೆ ಇದ್ದಂತೆ. ಮಾವುಯಿ ಎಂಬ ಮೂಲಪುರುಷ ಕಡಲಿನಿಂದ ಗಾಳ ಹಾಕಿ ಈ ನೆಲವನ್ನು ಎಳೆದಾಗ ನೀರಿನಿಂದ ಮೊದಲು ಮೇಲೆ ಬಂದದ್ದು ಇದೇ ಶಿಖರ ಎಂದು ಅವರ ಹಿರಿಯರು ಹೇಳುತ್ತಾರೆ. ಅವರಲ್ಲಿ ಒಬ್ಬರು ತಮ್ಮ ಪರಿಚಯ ಹೇಳಿಕೊಳ್ಳುವಾಗ ಹೆಸರು ಕೊನೆಗೆ ಬರುತ್ತದೆ. ನನ್ನ ಬೆಟ್ಟ ಇದು, ನನ್ನ ಹೊಳೆ ಇದು ಎನ್ನುವುದು ಮೊದಲು. (ನಾವು ವರ್ಣಮಾಲೆಯಲ್ಲಿ ಓದಿ ಮರೆತುಬಿಡುವ ‘ಙ’ ಅಕ್ಷರ ಮಾವೋರಿ ಹೆಸರುಗಳ ತಲೆಯಲ್ಲೇ ಕೂತಿರುತ್ತದೆ. ಇಂಗ್ಲಿಷ್ ಓದುಗರು ಅಲ್ಲಿ ತಡವರಿಸುತ್ತಾರೆ. ಕನ್ನಡದವರಿಗೆ ಆ ಕಷ್ಟ ಇರಬಾರದು.)

ಆ ಹುಡುಗರು ಸೇರಿದ್ದದ್ದು ನ್ಯೂಜಿಲೆಂಡ್ ಸೇನೆಯ 28ನೇ ಬೆಟಾಲಿಯನ್‌ಗೆ. ಜಗತ್ತಿಗೆ ಅದು ಮಾವೋರಿ ಬೆಟಾಲಿಯನ್ ಎಂದೇ ಗೊತ್ತು. ಸಾಗರದಾಚೆ ಕಾದಾಡಲೆಂದೇ ಕಟ್ಟಿದ, ಯುದ್ಧ ಮುಗಿದೊಡನೆ ವಿಸರ್ಜಿಸಿದ, ಆರು ವರ್ಷಗಳಷ್ಟೇ ಬದುಕಿದ ಕಾಲಾಳು ಪಲ್ಟನ್ ಅದು. ಇದನ್ನು ಬೇರೆ ಪಲ್ಟನ್‌ಗಳಂತೆ ಕಟ್ಟಲಿಲ್ಲ. ನೆಂಟರನ್ನು ನೆಂಟರ ಪಕ್ಕದಲ್ಲೇ ನಿಲ್ಲಿಸಿ ಕಟ್ಟಿದರು. ಅದರ ಬಲವೂ ಅದರಿಂದಲೇ ಬಂತು, ಅದರ ದುಃಖವೂ ಅದರಿಂದಲೇ ಬಂತು.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದಾಗ ನ್ಯೂಜಿಲೆಂಡ್‌ನಲ್ಲಿ ಮಾವೋರಿಗಳ ಸಂಖ್ಯೆ ಒಂದು ಲಕ್ಷ ಮುಟ್ಟಿರಲಿಲ್ಲ. ಅವರ ಪರವಾಗಿ ಗಟ್ಟಿಯಾಗಿ ಮಾತಾಡುತ್ತಿದ್ದವರು ಅಪಿರಾನಾ ಙಾಟಾ. ನ್ಯೂಜಿಲೆಂಡ್‌ನಲ್ಲಿ ವಿಶ್ವವಿದ್ಯಾಲಯದ ಪದವಿ ಪಡೆದ ಮೊದಲ ಮಾವೋರಿ, ವಕೀಲರು, 1905ರಿಂದ ಸಂಸತ್ತಿನಲ್ಲಿದ್ದವರು. ಇವತ್ತು ಆ ದೇಶದ 50 ಡಾಲರ್ ನೋಟಿನ ಮೇಲೆ ಇರುವುದು ಅವರದೇ ಮುಖ. ಅವರೂ ಉಳಿದ ಮಾವೋರಿ ಸಂಸದರೂ ಕೇಳಿದ್ದು ಒಂದೇ: ನಮ್ಮದೇ ಒಂದು ಕಾಲಾಳು ಪಲ್ಟನ್ ಬೇಕು.

‘ಕಾಲಾಳು’ ಎಂಬ ಮಾತಿನ ಮೇಲೆ ಅವರು ಒತ್ತು ಕೊಟ್ಟಿದ್ದಕ್ಕೆ ಕಾರಣವಿತ್ತು. ಮೊದಲ ಮಹಾಯುದ್ಧದಲ್ಲಿ ಹೋದ ಮಾವೋರಿ ತುಕಡಿಯವರು ಗಲಿಪೊಲಿಯಲ್ಲಿ ಕಾದಾಡಿ ಸತ್ತರು, ನಿಜ. ಆದರೆ ಆಮೇಲೆ ಫ್ರಾನ್ಸಿನಲ್ಲಿ ಅವರ ಕೈಗೆ ಹೆಚ್ಚಾಗಿ ಕೊಟ್ಟಿದ್ದು ಗುದ್ದಲಿ, ಸಲಿಕೆ. ‘ಪಯೊನಿಯರ್ ಬೆಟಾಲಿಯನ್’ ಎಂಬ ಹೆಸರಿನಲ್ಲಿ ಕಂದಕ ತೋಡುವುದು, ರಸ್ತೆ ಹಾಕುವುದು, ತಂತಿ ಎಳೆಯುವುದು. ಗುಂಡಿನ ನಡುವೆಯೇ ಮಾಡಬೇಕಾದ ಅಪಾಯದ ಕೆಲಸ ಅದು. ಆದರೂ ಮರ್ಯಾದೆಯೆಲ್ಲ ಬಂದೂಕು ಹಿಡಿದವನಿಗೆ ಹೋಯಿತು. ಈ ಸಲ ಹಾಗಾಗಬಾರದು ಎಂದು ಙಾಟಾ ಹಟ ಹಿಡಿದರು. ಅಕ್ಟೋಬರ್‌ನಲ್ಲಿ ಸರ್ಕಾರ ಒಪ್ಪಿತು. ಮಾವೋರಿಗಳ ಮೇಲೆ ಕಡ್ಡಾಯ ಸೇವೆ ಹೇರಲಿಲ್ಲ, ಬಂದವರೆಲ್ಲ ತಾವಾಗಿ ಬಂದವರು.

ಎಲ್ಲರೂ ಕುಣಿದುಕೊಂಡು ಬರಲಿಲ್ಲ. ವೈಕಾಟೊ ಪ್ರದೇಶದವರಿಗೆ 1860ರ ದಶಕದ ನೆನಪು ಮಾಸಿರಲಿಲ್ಲ. ಆಗ ಬ್ರಿಟಿಷರು ಅವರ ಮೇಲೆ ದಂಡೆತ್ತಿ ಬಂದು, ದಂಗೆಯೆಂದು ಹೆಸರಿಟ್ಟು, ಅವರ ಫಲವತ್ತಾದ ಭೂಮಿಯನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಿದ್ದರು. ಮೊದಲ ಮಹಾಯುದ್ಧದಲ್ಲಿ ಇದೇ ವೈಕಾಟೊ ಹುಡುಗರನ್ನು ಕಡ್ಡಾಯವಾಗಿ ಸೇನೆಗೆ ಸೇರಿಸಲು ನೋಡಿ, ಒಪ್ಪದವರನ್ನು ಸೆರೆಯಲ್ಲಿಟ್ಟರು. ಆಗ ಅವರ ಬೆನ್ನಿಗೆ ನಿಂತವರು ತೆ ಪುಯೆಆ ಹೆರಾಂಗಿ ಎಂಬ ದಿಟ್ಟ ಹೆಂಗಸು. ಮನೆಯನ್ನೇ ಕಿತ್ತುಕೊಂಡವನ ಮನೆ ಕಾಯಲು ನಾವೇಕೆ ಹೋಗಬೇಕು ಎಂಬುದು ಆ ಜನರ ಪ್ರಶ್ನೆ. ಇದಕ್ಕೆ ಙಾಟಾ ಅವರ ಬಳಿ ಉತ್ತರವಿತ್ತು ಎಂದು ನನಗೆ ಅನಿಸುವುದಿಲ್ಲ. ಅವರ ಬಳಿ ಇದ್ದದ್ದು ಒಂದು ಲೆಕ್ಕಾಚಾರ: ಈಗ ರಕ್ತ ಕೊಟ್ಟರೆ ನಾಳೆ ಈ ನಾಡಿನಲ್ಲಿ ಸಮಪಾಲು ಕೇಳುವಾಗ ಯಾರೂ ಬಾಯಿ ಮುಚ್ಚಿಸಲಾರರು.

1940ರ ಜನವರಿಯಲ್ಲಿ ಪಾಮರ್‌ಸ್ಟನ್ ನಾರ್ತ್ ಎಂಬ ಊರಲ್ಲಿ ಪಲ್ಟನ್ ರೂಪ ತಳೆಯಿತು. ಕಮಾಂಡರ್ ಜಾರ್ಜ್ ಡಿಟ್ಮರ್, ಮೊದಲ ಯುದ್ಧ ಕಂಡ ಬಿಳಿಯ ಅಧಿಕಾರಿ, ಶಿಸ್ತಿನಲ್ಲಿ ಕಟ್ಟುನಿಟ್ಟು. ಮಾವೋರಿಗಳಿಗೆ ಕಾದಾಡಲು ಬರುತ್ತದೆ, ಮುನ್ನಡೆಸಲು ಬರುತ್ತದೆಯೇ ನೋಡೋಣ ಎಂಬ ಅನುಮಾನ ಆಗಿನ ಸೇನೆಯಲ್ಲಿತ್ತು. ಎರಡು ವರ್ಷ ಕಳೆದ ಮೇಲೆ, 1942ರಲ್ಲಿ, ಎರುಯೆರಾ ಲವ್ ಈ ಪಲ್ಟನ್ನಿನ ಮೊದಲ ಮಾವೋರಿ ಕಮಾಂಡರ್ ಆದರು. ಕೆಲವೇ ವಾರಗಳಲ್ಲಿ, ಜುಲೈನಲ್ಲಿ, ಈಜಿಪ್ಟಿನ ಮರಳಲ್ಲಿ ಪ್ರಾಣ ಬಿಟ್ಟರು.

ನಾಲ್ಕು ರೈಫಲ್ ಕಂಪನಿಗಳನ್ನು ಸೀಮೆ, ಕುಲ ನೋಡಿಯೇ ಹಂಚಿದರು. ಅವುಗಳಿಗೆ ಬಿದ್ದ ಅಡ್ಡಹೆಸರುಗಳು ಚೆಂದ. ಉತ್ತರ ತುದಿಯವರ ‘ಎ’ ಕಂಪನಿಗೆ ‘ಅಂಟು ತೋಡುವವರು’: ಅವರ ಸೀಮೆಯಲ್ಲಿ ಕೌರಿ ಮರದ ಹಳೆಯ ರಾಳ ನೆಲದಲ್ಲಿ ಹೂತಿರುತ್ತಿತ್ತು, ಅದನ್ನು ತೋಡಿ ಮಾರಿ ಬದುಕುತ್ತಿದ್ದರು. ರೊಟೊರುವಾ ಕಡೆಯ ‘ಬಿ’ ಕಂಪನಿ ‘ಪೆನ್ನಿ ಮುಳುಗರು’: ಅಲ್ಲಿನ ಬಿಸಿನೀರ ಬುಗ್ಗೆ ನೋಡಲು ಬಂದ ಪ್ರವಾಸಿಗರು ಸೇತುವೆಯ ಮೇಲಿಂದ ಎಸೆದ ಕಾಸಿಗೆ ಮಕ್ಕಳು ಹೊಳೆಗೆ ಧುಮುಕುತ್ತಿದ್ದರು. ಪೂರ್ವ ಕರಾವಳಿಯ ‘ಸಿ’ ಕಂಪನಿ ‘ಕೌಬಾಯ್‌ಗಳು’, ಏಕೆಂದರೆ ಅಲ್ಲಿ ಎಲ್ಲಿಗೆ ಹೋಗಬೇಕಾದರೂ ಕುದುರೆಯೇ ಗತಿ. ಉಳಿದ ಕಡೆಗಳಿಂದ, ದಕ್ಷಿಣ ದ್ವೀಪದಿಂದಲೂ, ಬಂದವರ ‘ಡಿ’ ಕಂಪನಿ ‘ಅಲೆಮಾರಿ ಕುಲ’. ನಗುತ್ತ ಇಟ್ಟುಕೊಂಡ ಹೆಸರುಗಳಿವು. ಬಡತನದ ಒಂದು ನಕ್ಷೆಯೂ ಇದರಲ್ಲೇ ಇದೆ. ಮಣ್ಣು ತೋಡುವವರ, ಕಾಸಿಗೆ ಮುಳುಗುವವರ ಮಕ್ಕಳು ಒಂದು ಸಾಮ್ರಾಜ್ಯವನ್ನು ಕಾಯಲು ಹೊರಟಿದ್ದರು.

ಹೀಗೆ ಹಂಚಿದ್ದರಿಂದ ಒಂದೇ ಪ್ಲಟೂನಿನಲ್ಲಿ ಅಣ್ಣತಮ್ಮಂದಿರು, ಚಿಕ್ಕಪ್ಪನ ಮಕ್ಕಳು, ಸೋದರಳಿಯಂದಿರು ಇರುವುದು ಸಾಮಾನ್ಯವಾಯಿತು. ಗಾಯಗೊಂಡು ಬಿದ್ದವನನ್ನು ಬಿಟ್ಟು ಹೋದರೆ ಊರಿಗೆ ಹಿಂತಿರುಗಿ ಅವನ ತಾಯಿಗೆ, ಅಂದರೆ ನಮ್ಮ ಅತ್ತೆಗೋ ದೊಡ್ಡಮ್ಮನಿಗೋ, ಮುಖ ತೋರಿಸುವುದು ಹೇಗೆ? ಸೇನೆಯ ಯಾವ ನಿಯಮಕ್ಕೂ ಇಲ್ಲದ ಬಲ ಇದಕ್ಕಿತ್ತು. ಆದರೆ ಕೆಟ್ಟ ರಾತ್ರಿಯೊಂದು ಬಂದರೆ ಒಂದೇ ಊರಿನ ಎಳೆಯರೆಲ್ಲ ಒಟ್ಟಿಗೆ ಹೋಗಿಬಿಡುತ್ತಿದ್ದರು.

1940ರ ಮೇ ತಿಂಗಳ ಆರಂಭದಲ್ಲಿ ಹೆಚ್ಚು ಕಡಿಮೆ ಏಳುನೂರು ಮಂದಿ ‘ಅಕ್ವಿಟೇನಿಯಾ’ ಹಡಗು ಹತ್ತಿದರು. ಮೊದಲು ಇಂಗ್ಲೆಂಡ್, ಅಲ್ಲಿಂದ ಈಜಿಪ್ಟ್, 1941ರ ವಸಂತದಲ್ಲಿ ಗ್ರೀಸ್. ಒಲಿಂಪಸ್ ಪರ್ವತದ ಬಳಿಯ ಕಣಿವೆಯಲ್ಲಿ ಅವರ ಮೊದಲ ಕಾಳಗ, ಆಮೇಲೆ ಹಿಂದೆ ಸರಿಯುವುದೇ ಕೆಲಸ. ಕ್ರೀಟ್ ದ್ವೀಪದಲ್ಲೂ ಹಾಗೇ. ಸೋತು ಹಿಂದೆ ಸರಿಯುವ ಹೊತ್ತಿನಲ್ಲೇ, ಮೇ 27ರಂದು, ಸೂಡಾ ಕೊಲ್ಲಿಯ ಹತ್ತಿರ ಆಲಿವ್ ಮರಗಳ ನಡುವಿನ ‘42ನೇ ಬೀದಿ’ ಎಂಬ ರಸ್ತೆಯಲ್ಲಿ ಅವರು ಆಸ್ಟ್ರೇಲಿಯನ್ನರ ಜತೆ ಬಯೊನೆಟ್ ಹಿಡಿದು ಎದ್ದು ನುಗ್ಗಿದರು. ನುಗ್ಗುವ ಮುಂಚೆ ಹಾಕಾ ಕೂಗಿದರು. ರಗ್ಬಿ ಪಂದ್ಯಕ್ಕೆ ಮುಂಚೆ ಟಿವಿಯಲ್ಲಿ ನಾವು ನೋಡುವ, ತೊಡೆ ತಟ್ಟಿ ನಾಲಿಗೆ ಚಾಚುವ ಆ ಹಾಕಾ ಅಂದು ಪಂದ್ಯಕ್ಕಾಗಿ ಇರಲಿಲ್ಲ. ಬೆನ್ನಟ್ಟಿ ಬರುತ್ತಿದ್ದ ಜರ್ಮನ್ ಪಡೆ ಒಂದಿಷ್ಟು ಹೊತ್ತು ದಿಕ್ಕೆಟ್ಟು ಓಡಿತು. ಅಷ್ಟು ಹೊತ್ತಿನಲ್ಲಿ ಸಾವಿರಾರು ಮಂದಿಗೆ ಕಡಲತೀರದ ಕಡೆ ಸಾಗಲು ಬಿಡುವು ಸಿಕ್ಕಿತು.

ಮರುಭೂಮಿಯ ಎರಡು ವರ್ಷಗಳ ಕಾಳಗಗಳನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಒಂದು ಗಾಡಿಯ ಬಗ್ಗೆ ಮಾತ್ರ ಹೇಳುತ್ತೇನೆ. ನ್ಯೂಜಿಲೆಂಡ್‌ನ ಮಾವೋರಿ ಶಾಲೆಗಳ ಮಕ್ಕಳು ಕಾಸಿಗೆ ಕಾಸು ಸೇರಿಸಿ ಈ ಪಲ್ಟನ್‌ಗೆಂದು ಒಂದು ಕ್ಯಾಂಟೀನ್ ಟ್ರಕ್ ಕೊಡಿಸಿದರು. ಅದರ ಹೆಸರು ‘ತೆ ರೌ ಅರೊಹಾ’, ಪ್ರೀತಿಯ ಎಲೆ. ಕಾಳಗದಿಂದ ಹಿಂದಿರುಗಿ ಮರಳಲ್ಲಿ ಕೂತವರಿಗೆ ಅದರ ಹಲಗೆ ತೆರೆದರೆ ಚಹಾ, ಬಿಸ್ಕತ್ತು. ಕೊಟ್ಟವರು ಯಾರೋ ದೊಡ್ಡ ದಾನಿಯಲ್ಲ, ಅವರವರ ತಮ್ಮ ತಂಗಿಯರು.

ಈಗ ಮತ್ತೆ ಆ ದಿಬ್ಬಕ್ಕೆ ಬರೋಣ. ಹಿಕುರಂಗಿಯನ್ನು ಹತ್ತಿದ್ದು ಕೌಬಾಯ್‌ಗಳ ‘ಸಿ’ ಕಂಪನಿ. ಒಂದು ಪ್ಲಟೂನಿನ ಮುಂದಾಳು ಸೆಕೆಂಡ್ ಲೆಫ್ಟಿನೆಂಟ್ ಮೊಆನಾ-ನುಯಿ-ಆ-ಕಿವಾ ಙಾರಿಮು. ಹೆಸರಿನ ಮೊದಲ ಭಾಗಕ್ಕೆ ‘ಕಿವಾನ ಮಹಾಸಾಗರ’ ಎಂಬ ಅರ್ಥ. ಪೆಸಿಫಿಕ್ಕನ್ನು ಅವರು ಕರೆಯುವುದು ಹಾಗೆ. ಊರು ಹಿಕುರಂಗಿಯ ಬುಡದ ರುಆಟೊರಿಯಾ ಸೀಮೆ. ಇನ್ನು ಹನ್ನೆರಡು ದಿನ ಕಳೆದಿದ್ದರೆ ಇಪ್ಪತ್ತನಾಲ್ಕು ತುಂಬುತ್ತಿತ್ತು. ಅವರು ಮುಂದೆ ನಿಂತೇ ಹತ್ತಿದರು, ಎರಡು ಮೆಷಿನ್‌ಗನ್ ಠಾಣೆಗಳನ್ನು ತಾವೇ ಮುಗಿಸಿದರು. ಮೇಲೇರಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಮುಖ್ಯ ಗುಡ್ಡದ ಮೇಲೆ ಜರ್ಮನ್ನರು ಇನ್ನೂ ಕೂತಿದ್ದರು. ಇವರು ದಿಬ್ಬದ ಮೇಲೆ, ಅವರ ಕಣ್ಣಳತೆಯಲ್ಲೇ. ಭುಜಕ್ಕೆ ಗುಂಡು ತಾಗಿತು, ಆಮೇಲೆ ಕಾಲಿಗೆ ಚೂರು ಹೊಕ್ಕಿತು. ಹಿಂದೆ ಹೋಗಿ ಎಂದು ಮೇಲಧಿಕಾರಿಗಳು ಹೇಳಿದರೆ, ಇನ್ನು ಸ್ವಲ್ಪ ಹೊತ್ತು ನನ್ನ ಹುಡುಗರ ಜತೆ ಇರುತ್ತೇನೆ ಎಂದರು. ರಾತ್ರಿಯಿಡೀ ಒಂದರ ಮೇಲೊಂದು ದಾಳಿ. ಒಂದು ಹಂತದಲ್ಲಿ ಸಾಲು ಮುರಿಯಿತು. ಮುರಿದ ಕಡೆಗೆ ಓಡಿದ ಙಾರಿಮು ಅಲ್ಲಿ ನುಗ್ಗಿದವರನ್ನು ಟಾಮಿಗನ್ನಿನಿಂದಲೂ ಕಲ್ಲು ಎಸೆದೂ ಹಿಂದಟ್ಟಿದರು ಎಂದು ಅವರಿಗೆ ಆಮೇಲೆ ಸಿಕ್ಕ ಪದಕದ ಅಧಿಕೃತ ಪತ್ರವೇ ಹೇಳುತ್ತದೆ. ಟ್ಯಾಂಕು, ವಿಮಾನ, ಫಿರಂಗಿಗಳ ಆ ಯುದ್ಧದಲ್ಲಿ ಒಬ್ಬ ಮನುಷ್ಯ ನೆಲದ ಕಲ್ಲು ಹೆಕ್ಕಿ ಎಸೆಯುತ್ತ ಒಂದು ದಿಬ್ಬವನ್ನು ಕಾಯ್ದ. ಬೆಳಗಾಗುವ ಹೊತ್ತಿಗೆ ಅವರ ಜತೆ ಗಾಯವಿಲ್ಲದೆ ಉಳಿದವರು ಇಬ್ಬರು. ಮೇಲಕ್ಕೆ ಇನ್ನಷ್ಟು ಜನರನ್ನು ಕಳಿಸಿದರು. ಮುಂಜಾನೆಯ ದಾಳಿಯಲ್ಲಿ, ಸೊಂಟದ ಬಳಿ ಟಾಮಿಗನ್ ಹಿಡಿದು ನಿಂತಂತೆಯೇ, ಅವರು ಬಿದ್ದರು. ಅದೇ ದಿನ ಗುಡ್ಡದ ಮೇಲಿದ್ದ ಜರ್ಮನ್ ಪಡೆ ಶರಣಾಯಿತು.

ಙಾರಿಮು ಅವರಿಗೆ ವಿಕ್ಟೋರಿಯಾ ಕ್ರಾಸ್, ಬ್ರಿಟಿಷರ ಅತ್ಯುನ್ನತ ಶೌರ್ಯಪದಕ, ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಮಾವೋರಿಯೊಬ್ಬರಿಗೆ ಸಿಕ್ಕ ಮೊದಲ ವಿಕ್ಟೋರಿಯಾ ಕ್ರಾಸ್ ಅದು. 1943ರ ಅಕ್ಟೋಬರ್ 6ರಂದು ಗವರ್ನರ್ ಜನರಲ್ ರುಆಟೊರಿಯಾಕ್ಕೇ ಬಂದು ಆ ಪದಕವನ್ನು ತಂದೆ ತಾಯಿಯ ಕೈಗಿತ್ತರು. ಸಾವಿರಾರು ಜನ ಸೇರಿದ್ದರು. ಅದೇ ಸಂದರ್ಭಕ್ಕೆ ಙಾಟಾ ಒಂದು ಚಿಕ್ಕ ಪುಸ್ತಿಕೆ ಬರೆದರು. ‘ಪೌರತ್ವದ ಬೆಲೆ’ ಎಂದು ಅದರ ಹೆಸರು. ನಮ್ಮ ಜನ ಬೆಲೆ ತೆತ್ತಿದ್ದಾರೆ, ಇನ್ನು ನಮ್ಮನ್ನು ಈ ನಾಡಿನ ಸಮಾನರಂತೆ ನಡೆಸಿಕೊಳ್ಳಿ ಎಂಬುದು ಅದರ ತಿರುಳು.

ಈ ತಲೆಬರಹ ನನ್ನನ್ನು ಬಹಳ ಕಾಡಿದೆ. 1840ರಲ್ಲಿ ವೈತಾಂಗಿ ಎಂಬಲ್ಲಿ ಬ್ರಿಟಿಷರೂ ಮಾವೋರಿ ಮುಖ್ಯಸ್ಥರೂ ಒಂದು ಒಪ್ಪಂದ ಮಾಡಿಕೊಂಡಿದ್ದರು. ಅದರ ಮೂರನೇ ಕಲಮಿನಲ್ಲೇ ಬ್ರಿಟಿಷ್ ಪ್ರಜೆಗಳಿಗಿರುವ ಎಲ್ಲ ಹಕ್ಕುಗಳೂ ಮಾವೋರಿಗಳಿಗೆ ಇವೆ ಎಂದು ಬರೆದಿದೆ. ಅಂದರೆ ನೂರು ವರ್ಷ ಮೊದಲೇ ಬರೆದುಕೊಟ್ಟಿದ್ದನ್ನು ಮತ್ತೊಮ್ಮೆ ಕೊಳ್ಳಲು ಮಕ್ಕಳನ್ನು ಕಳಿಸಬೇಕಾಯಿತು. ಙಾಟಾ ಇದನ್ನು ಅರಿಯದವರಲ್ಲ. ಅರಿತೂ ಆ ಹೆಸರಿಟ್ಟರು.

ಪಾಯಿಂಟ್ 209ರ ಮೂರು ವಾರಗಳ ನಂತರ, ಏಪ್ರಿಲ್ 19ರ ರಾತ್ರಿ, ಟ್ಯುನಿಸಿಯಾದಲ್ಲೇ ತಕ್ರೂನಾದ ಕಾಳಗ ಬಂತು. ಬಯಲಿನ ನಡುವೆ ಸುಣ್ಣಕಲ್ಲಿನ ಒಂದು ಕಡಿದಾದ ಬಂಡೆಬೆಟ್ಟ, ತುದಿಯಲ್ಲಿ ಬರ್ಬರ್ ಜನರ ಕಲ್ಲಿನ ಮನೆಗಳು. ಬಿ ಕಂಪನಿಯ ಲ್ಯಾನ್ಸ್ ಸಾರ್ಜೆಂಟ್ ಹಾನೆ ಮನಾಹಿ ಬೆರಳೆಣಿಕೆಯ ಮಂದಿಯೊಡನೆ ಆ ಬಂಡೆ ಹತ್ತಿ ತುದಿಯನ್ನು ಹಿಡಿದರು. ಗುಂಡು ಮುಗಿದಾಗ ತಾವೇ ಕೆಳಗಿಳಿದು, ಮದ್ದುಗುಂಡೂ ಜನರನ್ನೂ ತಂದು, ಮತ್ತೆ ಹತ್ತಿದರು. ವಿಕ್ಟೋರಿಯಾ ಕ್ರಾಸ್‌ಗೆ ಶಿಫಾರಸು ಮಾಡಿದವರಲ್ಲಿ ಫ್ರೈಬರ್ಗ್, ಮಾಂಟ್ಗೊಮರಿ, ಅಲೆಕ್ಸಾಂಡರ್ ಅಂಥ ಸೇನಾಪತಿಗಳೇ ಇದ್ದರು. ಲಂಡನ್‌ನಲ್ಲಿ ಅದು ಒಂದು ಮೆಟ್ಟಿಲು ಕೆಳಗಿಳಿದು ಬೇರೆ ಪದಕವಾಯಿತು. ಮನಾಹಿ ಸುಮ್ಮನೆ ಊರಿಗೆ ಬಂದು ಬದುಕಿದರು, 1986ರಲ್ಲಿ ತೀರಿಕೊಂಡರು. ಅವರ ಜನ ಸುಮ್ಮನಿರಲಿಲ್ಲ. ದಶಕಗಳ ಒತ್ತಾಯದ ನಂತರವೂ, ಹಳೆಯ ಯುದ್ಧದ ಪದಕಗಳನ್ನು ಮತ್ತೆ ಕೊಡಲಾಗದು ಎಂದರು ಅರಮನೆಯವರು. ಕೊನೆಗೆ 2007ರಲ್ಲಿ ರಾಣಿಯ ಮಗ ರೊಟೊರುವಾಕ್ಕೆ ಬಂದು ಒಂದು ಕತ್ತಿ, ಚರ್ಚಿನ ವೇದಿಕೆಯ ಒಂದು ವಸ್ತ್ರ, ರಾಣಿಯ ಒಂದು ಪತ್ರ ಕೊಟ್ಟು ಹೋದರು.

ಇಟಲಿಯಲ್ಲಿ ಈ ಪಲ್ಟನ್ನಿನ ಕಥೆ ನಮ್ಮವರ ಕಥೆಯ ಪಕ್ಕಕ್ಕೆ ಬರುತ್ತದೆ. 1944ರ ಫೆಬ್ರವರಿ 17ರ ರಾತ್ರಿ ಮಾಂಟೆ ಕಸಿನೊ ಬೆಟ್ಟದ ಮೇಲಿನ ಮಠದ ಕಡೆಗೆ ಭಾರತದ 4ನೇ ಡಿವಿಷನ್ನಿನ ರಜಪುತಾನಾ ರೈಫಲ್ಸ್, ಗೂರ್ಖಾಗಳು ಹತ್ತುತ್ತಿದ್ದರೆ, ಕೆಳಗೆ ಪಟ್ಟಣದ ರೈಲು ನಿಲ್ದಾಣದ ಕಡೆಗೆ ಮಾವೋರಿಗಳ ಎ, ಬಿ ಕಂಪನಿಗಳು ಹೊರಟವು. ಎಲ್ಲ ಕಡೆ ನೀರು ನಿಂತಿತ್ತು, ನಡೆಯಲು ಇದ್ದದ್ದು ರೈಲು ಹಳಿಯ ಏರಿ ಮಾತ್ರ. ಜರ್ಮನ್ನರು ಅದನ್ನೂ ಅಲ್ಲಲ್ಲಿ ಒಡೆದಿದ್ದರು. ಮಾವೋರಿಗಳು ನಿಲ್ದಾಣ ಹಿಡಿದರು. ಅವರ ಹಿಂದೆ ಎಂಜಿನಿಯರ್‌ಗಳು ಏರಿಯ ಬಿರುಕುಗಳನ್ನು ಮುಚ್ಚುತ್ತ ಬಂದರೆ ಟ್ಯಾಂಕುಗಳು ನೆರವಿಗೆ ಬರಬೇಕಿತ್ತು. ಬೆಳಕು ಹರಿದಾಗ ಕೆಲಸ ಇನ್ನೂ ಉಳಿದಿತ್ತು. ಹಗಲಿಡೀ ಹೊಗೆ ಎಬ್ಬಿಸಿ ಅವರನ್ನು ಮರೆಮಾಡಿದರು. ಮಧ್ಯಾಹ್ನದ ಮೇಲೆ ಆ ಹೊಗೆಯೊಳಗಿಂದಲೇ ಜರ್ಮನ್ ಟ್ಯಾಂಕುಗಳು ಬಂದವು. ಹೋದ ಸುಮಾರು ಇನ್ನೂರು ಮಂದಿಯಲ್ಲಿ ನೂರಮೂವತ್ತರಷ್ಟು ಜನ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಯಾದರು. ಅಂಟು ತೋಡುವವರ, ಪೆನ್ನಿ ಮುಳುಗರ ಸೀಮೆಗಳಲ್ಲಿ ಆ ವಾರ ಎಷ್ಟು ಮನೆಗಳಿಗೆ ತಂತಿ ಹೋಗಿರಬಹುದು! ಬೆಟ್ಟದ ಮೇಲೆ ನಮ್ಮವರ ಗತಿಯೂ ಬೇರೆಯಾಗಿರಲಿಲ್ಲ.

ಮರುವರ್ಷ ಏಪ್ರಿಲ್ 9ರ ಸಂಜೆ, ಸೆನಿಯೋ ನದಿಯ ದಡದಲ್ಲಿ, ನ್ಯೂಜಿಲೆಂಡ್ ಡಿವಿಷನ್ನೂ ಭಾರತದ 8ನೇ ಡಿವಿಷನ್ನೂ ಅಕ್ಕಪಕ್ಕದಲ್ಲಿ ನಿಂತವು. ಅಂದು ಮರಾಠಾ ಲೈಟ್ ಇನ್ಫೆಂಟ್ರಿಯ ಸಿಪಾಯಿ ನಾಮದೇವ ಜಾಧವ್ ಗಾಯಗೊಂಡ ಇಬ್ಬರನ್ನು ಸಿಡಿಗುಂಡು ಹೂತ ನೆಲದ ಮೂಲಕ ಹೊತ್ತು ಸಾಗಿಸಿ, ಮರಳಿ ಹೋಗಿ ಮೂರು ಮೆಷಿನ್‌ಗನ್ ಠಾಣೆಗಳನ್ನು ಅಡಗಿಸಿ, ಏರಿಯ ಮೇಲೆ ನಿಂತು ಮರಾಠರ ರಣಘೋಷ ಕೂಗಿ ಉಳಿದವರನ್ನು ಕರೆದರು. ಅವರಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಅಲ್ಲಿ ಸೈನಿಕರು ಕವಾಯತು ಮಾಡುವುದನ್ನು ನೋಡುತ್ತಲೇ ಬೆಳೆದವರು ಎಷ್ಟೋ ಮಂದಿ. ಕುಲ ನೋಡಿ ಪಲ್ಟನ್ ಕಟ್ಟುವುದು ಬ್ರಿಟಿಷರು ಭಾರತದಲ್ಲಿ ಬಹಳ ಹಿಂದೆಯೇ ಮಾಡಿದ್ದ ಕೆಲಸ. ಆದರೆ ಇಲ್ಲಿ ಹಾಗೆ ವಿಂಗಡಿಸಿದವರು ಆಳುವವರು. ಮಾವೋರಿಗಳ ಪಲ್ಟನ್ನನ್ನು ಕೇಳಿ ಪಡೆದದ್ದು ಅವರ ಮುಖಂಡರೇ. ಆ ವ್ಯತ್ಯಾಸ ಸಣ್ಣದಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಹತ್ತಿರ ಹತ್ತಿರ 3,600 ಮಂದಿ ಈ ಪಲ್ಟನ್ನಿನಲ್ಲಿ ಸೇವೆ ಸಲ್ಲಿಸಿದ್ದರು. 649 ಮಂದಿ ಸತ್ತರು. 1,712 ಮಂದಿ ಗಾಯಗೊಂಡರು. ನ್ಯೂಜಿಲೆಂಡ್‌ನ ಉಳಿದ ಕಾಲಾಳು ಪಲ್ಟನ್‌ಗಳ ಸರಾಸರಿಗಿಂತ ಇಲ್ಲಿನ ಸಾವುನೋವು ಹೆಚ್ಚು ಕಡಿಮೆ ಒಂದೂವರೆ ಪಟ್ಟು.

1946ರ ಜನವರಿ 23ರಂದು ಪಲ್ಟನ್ ಒಟ್ಟಾಗಿ ವೆಲಿಂಗ್ಟನ್ ಬಂದರಿಗೆ ಬಂತು. ಹಡಗುಕಟ್ಟೆಯಲ್ಲಿ ಸಾಂಪ್ರದಾಯಿಕ ಸ್ವಾಗತ. ಮಾವೋರಿಗಳಲ್ಲಿ ಬಂದವರನ್ನು ಬರಮಾಡಿಕೊಳ್ಳುವ ಮೊದಲ ದನಿ ಹೆಂಗಸಿನದು. ಆ ಕರೆಯಲ್ಲಿ ಬದುಕಿ ಬಂದವರ ಜತೆ ಬಾರದವರನ್ನೂ ಕರೆಯುತ್ತಾರೆ. ಸತ್ತವರು ಬದುಕಿರುವವರ ಬೆನ್ನ ಹಿಂದೆ ನಡೆದು ಬರುತ್ತಾರೆ ಎಂಬ ನಂಬಿಕೆ. ಮೊದಲು ಅಳು, ಆಮೇಲೆ ಊಟ. ಊಟವಾದ ಮೇಲೆ ರೈಲು ಹತ್ತಿ ಅವರವರ ಸೀಮೆಗೆ ಹೋದರು, ಊರೂರಿನ ಮರಾಎಯಲ್ಲಿ ಮತ್ತೆ ಅದೇ ಕರೆ, ಅದೇ ಅಳು. ಮರಾಎ ಎಂದರೆ ನಮ್ಮ ಊರ ಚಾವಡಿ, ದೇವಸ್ಥಾನದ ಅಂಗಳ, ಹಿರಿಯರ ಮನೆಯ ಪಡಸಾಲೆ ಎಲ್ಲ ಒಂದಾದ ಜಾಗ.

ಙಾಟಾ ಹೇಳಿದ ಬೆಲೆಗೆ ಪ್ರತಿಯಾಗಿ ಸಿಕ್ಕಿದ್ದೇನು? ಕಾನೂನಿನಲ್ಲಿ ಮಾವೋರಿ ಯೋಧರಿಗೂ ಬಿಳಿಯ ಯೋಧರಿಗೂ ಸಮಾನ ನೆರವು ಎಂದಿತ್ತು. ಸಾಲ ಕೇಳಲು, ಜಮೀನು ಕೇಳಲು ಹೋದಾಗ ಆ ಸಮಾನತೆ ಎಷ್ಟೋ ಮಂದಿಗೆ ಕಾಣಸಿಗಲಿಲ್ಲ. ಊರಲ್ಲಿ ಭೂಮಿ ಸಾಲದೆ ಸಾವಿರಾರು ಮಾವೋರಿಗಳು ಪಟ್ಟಣ ಸೇರಿದರು. ಅಲ್ಲಿ ಏನು ಕಾದಿತ್ತು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಹಿಕುರಂಗಿಯ ಕಾಳಗದ ಹೊತ್ತಿಗೆ ಪಲ್ಟನ್ನಿನ ಕಮಾಂಡರ್ ಆಗಿದ್ದವರು ಚಾರ್ಲ್ಸ್ ಬೆನೆಟ್. ತಕ್ರೂನಾದಲ್ಲಿ ಸಿಡಿಗುಂಡು ಅವರ ಕಾಲುಗಳನ್ನು ಘಾಸಿ ಮಾಡಿತು. 1959ರಲ್ಲಿ ನ್ಯೂಜಿಲೆಂಡ್ ಅವರನ್ನು ಮಲಯಾಕ್ಕೆ ಹೈಕಮಿಷನರ್ ಮಾಡಿ ಕಳಿಸಿತು, ಆ ಪದವಿಗೇರಿದ ಮೊದಲ ಮಾವೋರಿ ಅವರು. ಅದೇ 1959ರಲ್ಲಿ ಅವರ ತಮ್ಮ, ಮನೋವೈದ್ಯರಾದ ಡಾ. ಹೆನ್ರಿ ಬೆನೆಟ್, ಆಕ್ಲೆಂಡ್ ಹತ್ತಿರದ ಒಂದು ಹೋಟೆಲಿನಲ್ಲಿ ಕುಡಿಯಲು ಒಂದು ಲೋಟ ಬಿಯರ್ ಕೇಳಿದರೆ, ಮಾವೋರಿಗಳಿಗೆ ಈ ಕೋಣೆಯಲ್ಲಿ ಕೊಡುವುದಿಲ್ಲ ಎಂದರು. ದೇಶವೆಲ್ಲ ಸುದ್ದಿಯಾಯಿತು. ಪ್ರಧಾನಿಯೂ ಖಂಡಿಸಬೇಕಾಯಿತು. ಅಣ್ಣನ ಕಾಲು ಟ್ಯುನಿಸಿಯಾದಲ್ಲಿ ಛಿದ್ರವಾಗಿ ಹದಿನಾರು ವರ್ಷ ಕಳೆದಿತ್ತು.

ಯುದ್ಧದಿಂದ ಬಂದವರಲ್ಲಿ ಹಲವರು ತಮ್ಮ ಪದಕಗಳನ್ನು ತೆಗೆದುಕೊಳ್ಳಲೇ ಇಲ್ಲ. ನ್ಯೂಜಿಲೆಂಡ್‌ನಲ್ಲಿ ಆಗ ಪದಕ ತಾನಾಗಿ ಮನೆಗೆ ಬರುತ್ತಿರಲಿಲ್ಲ, ಅರ್ಜಿ ಹಾಕಿ ಕೇಳಬೇಕಿತ್ತು. ಕೆಲವರಿಗೆ ಅದು ಗೊತ್ತಾಗಲಿಲ್ಲ. ಕೆಲವರಿಗೆ ಗೊತ್ತಿದ್ದೂ ಕೇಳಲು ಮನಸ್ಸಾಗಲಿಲ್ಲ. ಜತೆಗೆ ಹೋದ ಅಣ್ಣ ಅಲ್ಲೇ ಉಳಿದಿರುವಾಗ ತಾನು ಪದಕ ಕೇಳಿ ಬರೆಯುವುದು ಹೇಗೆ? ಎಂಬತ್ತು ವರ್ಷಗಳಾಗುತ್ತ ಬಂದಾಗ ಅವರ ಮೊಮ್ಮಕ್ಕಳು, ಇತಿಹಾಸಕಾರರು ಹಳೆಯ ಪಟ್ಟಿಗಳನ್ನು ತೆಗೆದು ಕೂತರು. 2022ರ ಏಪ್ರಿಲ್‌ನಲ್ಲಿ ಗಿಸ್ಬರ್ನ್ ಊರಿನಲ್ಲಿ ಸಿ ಕಂಪನಿಯ ನೂರಕ್ಕೂ ಹೆಚ್ಚು ಯೋಧರ ಪದಕಗಳನ್ನು ಅವರ ಕುಟುಂಬದವರಿಗೆ ಒಬ್ಬೊಬ್ಬರ ಹೆಸರು ಕೂಗಿ ಕೊಟ್ಟರು. ಆಗ ಇಡೀ ಪಲ್ಟನ್ನಿನಲ್ಲಿ ಬದುಕಿದ್ದವರು ಒಬ್ಬರೇ, ಬಿ ಕಂಪನಿಯ ರಾಬರ್ಟ್ ಗಿಲ್ಲೀಸ್. ಜನ ಅವರನ್ನು ಪ್ರೀತಿಯಿಂದ ಕರೆಯುತ್ತಿದ್ದದ್ದು ಬಾಮ್ ಎಂದು. ಆ ವರ್ಷವೇ ಅವರಿಗೆ ‘ಸರ್’ ಪದವಿ ಬಂದಾಗ, ಇದು ನನ್ನೊಬ್ಬನಿಗಲ್ಲ, ಅವರೆಲ್ಲರಿಗೂ ಎಂದೇ ಒಪ್ಪಿಕೊಂಡರು. 2024ರ ನವೆಂಬರ್ 7ರಂದು, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರೂ ಹೋದರು.

ಮಾವೋರಿ ಸಭಾಭವನಗಳ ಗೋಡೆಯ ಮೇಲೆ ಸತ್ತವರ ಭಾವಚಿತ್ರಗಳನ್ನು ತೂಗುಹಾಕುತ್ತಾರೆ. ಸೇನೆಯ ಟೋಪಿ ಓರೆಯಾಗಿಟ್ಟುಕೊಂಡ ಹುಡುಗರ ಕಪ್ಪುಬಿಳುಪು ಚಿತ್ರಗಳು ಅಲ್ಲಿ ಸಾಲು ಸಾಲಾಗಿರುತ್ತವೆ. ಅವುಗಳ ಕೆಳಗೆ ಮೊಮ್ಮಕ್ಕಳು ಚಾಪೆ ಹಾಸಿ ಮಲಗುತ್ತಾರೆ.